ಬಸಿದ ನೀರು ಯಾವ ಫೋಲ್ಡರಿಗೆ?

ಬಸ್ಸಾರನ್ನು ಯಾವ ಹೆಡ್ಡಿಂಗಿನ ಕೆಳಗೆ ಬರೆಯೋದು? ನನ್ನನ್ನು ಹೆಚ್ಚುಕಮ್ಮಿ ಒಂದು ವರ್ಷ ಕಾಡಿದ ಪ್ರಶ್ನೆ ಇದು. ನಗಬೇಡಿ. ನಿಮ್ಮ ಫೋನಲ್ಲೂ ಇಂಥದ್ದೊಂದು ರಾಶಿ ಇದ್ದೇ ಇರುತ್ತೆ: ಅಮ್ಮ ಕಳಿಸಿದ ವಾಯ್ಸ್ ಮೆಸೇಜು, ಹಳೇ ಡೈರಿ ಹಾಳೆಯ ಮಸುಕು ಫೋಟೋ, ಯಾವತ್ತೋ ಸೇವ್ ಮಾಡಿ ಮರೆತ ವಿಡಿಯೋ. ನನ್ನ ರಾಶಿ ನಾಲ್ಕು ಊರಿಂದ ಬಂದದ್ದು. ಅಮ್ಮ ಕೋಲಾರದಲ್ಲಿ, ಚಿಕ್ಕಮ್ಮ ಮಾಲೂರಲ್ಲಿ, ಸೋದರತ್ತೆ ಮುಳಬಾಗಿಲಲ್ಲಿ, ದೊಡ್ಡಮ್ಮ ಶ್ರೀನಿವಾಸಪುರದ ಪಕ್ಕದ ಒಂದು ಹಳ್ಳಿಯಲ್ಲಿ. ಒಂದು ಭಾನುವಾರ ಕೂತು ಎಣಿಸಿದರೆ 130 ಚಿಲ್ಲರೆ ಅಡುಗೆಗಳಿದ್ದವು. ಇವನ್ನೆಲ್ಲ ಜೋಡಿಸಿಡೋಣ ಅಂತ ಒಂದು ಆ್ಯಪ್ ಹಾಕಿಕೊಂಡೆ. ಅದು ತೆರೆಯುತ್ತಲೇ ಕೇಳಿದ್ದು: ಸ್ಟಾರ್ಟರಾ, ಮೇನ್ ಕೋರ್ಸಾ, ಸೈಡ್ ಡಿಶ್ಶಾ, ಡೆಸರ್ಟಾ?

ಬಸ್ಸಾರು ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಕಾಳನ್ನೋ ಬೇಳೆಯನ್ನೋ ಸೊಪ್ಪಿನ ಜೊತೆ ಬೇಯಿಸ್ತೀರಿ. ನೀರನ್ನು ಬಸಿದು ಬೇರೆ ಪಾತ್ರೆಗೆ ಇಳಿಸ್ತೀರಿ. ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಬಿದ್ದರೆ ಪಲ್ಯ. ಅದೇ ಬೆಂದದ್ದರಲ್ಲಿ ಒಂದು ಹಿಡಿ ತೆಗೆದು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಧನಿಯ, ಜೀರಿಗೆ, ಮೆಣಸು, ಕಾಯಿ, ಹುಣಸೆ ಎಲ್ಲ ಸೇರಿಸಿ ರುಬ್ಬಿ ಬಸಿದ ನೀರಿಗೆ ಕಲಸಿ ಕುದಿಸಿದರೆ ಸಾರು. ರುಬ್ಬೋ ವ್ಯವಧಾನ ಇಲ್ಲ ಅಂದ್ರೆ ನೀರಿಗೆ ಉಪ್ಪು ಹಾಕಿ, ಖಾರವನ್ನು ಪಕ್ಕಕ್ಕೆ ಇಟ್ಟುಕೊಂಡರೆ ಅದೇ ಉಪ್ಸಾರು. ಬಸಿಯೋದೇ ಬೇಡ ಅಂತ ಎಲ್ಲ ಸೇರಿಸಿ ಮಸೆದರೆ ಮಸ್ಸೊಪ್ಪು. ಮಾರನೇ ದಿನ ಉಳಿದ ಸಾರನ್ನು ಇನ್ನೊಮ್ಮೆ ಕುದಿಸಿದರೆ ಅದರ ರುಚಿಯೇ ಬೇರೆ, ನಮ್ಮ ಮನೇಲಿ ಅದಕ್ಕೆ ಕಾದು ಕೂರೋರಿದ್ದಾರೆ. ಒಲೆ ಒಂದು, ಪಾತ್ರೆ ಒಂದು, ಅಡುಗೆ ನಾಲ್ಕು. ಆ್ಯಪಿನ ಲೆಕ್ಕದಲ್ಲಿ ಇವು ನಾಲ್ಕು ಕಾರ್ಡು, ಒಂದಕ್ಕೊಂದು ಪರಿಚಯವೇ ಇಲ್ಲ. ಪಲ್ಯದ ಕಾರ್ಡು ನೋಡಿಕೊಂಡು ಮಾಡಿದವರು ಬಸಿದ ನೀರನ್ನು ಸಿಂಕಿಗೆ ಚೆಲ್ಲುತ್ತಾರೆ. ನಮ್ಮ ಕಡೆ ಅದು ಅಡುಗೆಯ ಅರ್ಧ ಭಾಗ.

ಹಾಗಾದ್ರೆ ಈ ಸ್ಟಾರ್ಟರು, ಮೇನ್ ಕೋರ್ಸು ಬಂದದ್ದೆಲ್ಲಿಂದ? ಹುಡುಕುತ್ತಾ ಹೋದೆ, ಹುಡುಕಾಟ ಅಡುಗೆಗಿಂತ ರುಚಿ ಅನ್ನಿಸಿತು.

ಒಂದಾದ ಮೇಲೊಂದು ಬಡಿಸುವ ಈ ಕ್ರಮ ಯುರೋಪಿನ ದೊಡ್ಡ ಮನೆಗಳಲ್ಲೂ ಪೂರ್ತಿ ನೆಲೆಯೂರಿದ್ದು 19ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಅಲ್ಲೂ ಹತ್ತಾರು ಭಕ್ಷ್ಯಗಳನ್ನು ಮೇಜಿನ ಮೇಲೆ ಒಟ್ಟಿಗೇ ಇಡ್ತಿದ್ರು, ಹೆಚ್ಚುಕಮ್ಮಿ ನಮ್ಮ ಎಲೆಯ ಹಾಗೆ. ‘ಬೇಕಾಗುವ ಸಾಮಾನು’ ಅನ್ನೋ ಪಟ್ಟಿಗೂ ಅಷ್ಟೇ ವಯಸ್ಸು. ಇಂಗ್ಲೆಂಡಿನ ಎಲಿಜಾ ಆ್ಯಕ್ಟನ್ 1845ರಲ್ಲಿ ಪ್ರತಿ ಅಡುಗೆಯ ಕೊನೆಗೆ ಸಾಮಾನು-ಅಳತೆಗಳನ್ನು ಬಿಡಿಸಿ ಬರೆದರು. 1861ರಲ್ಲಿ ಇಸಾಬೆಲ್ಲಾ ಬೀಟನ್ ಅದನ್ನು ಮೊದಲಿಗೆ ತಂದು ಕೂರಿಸಿ, ಜೊತೆಗೆ ಸಮಯ ಎಷ್ಟು, ಖರ್ಚೆಷ್ಟು, ಎಷ್ಟು ಜನಕ್ಕೆ ಸಾಕು ಅನ್ನೋದನ್ನೂ ಸೇರಿಸಿದರು. ಅಂಗಡಿಯಿಂದ ಸಾಮಾನು ತರಿಸಿ, ಅಡುಗೆಯವರಿಗೆ ಕೊಟ್ಟು, ಲೆಕ್ಕ ಇಡುವ ಯಜಮಾನಿಗೆ ಹೇಳಿ ಮಾಡಿಸಿದ ವ್ಯವಸ್ಥೆ. ಇವತ್ತಿನ ಪ್ರತಿ ಅಡುಗೆ ಆ್ಯಪಿನ ಒಳಗೂ ಬೀಟನ್ ಅಮ್ಮಾವ್ರು ಲೆಕ್ಕದ ಪುಸ್ತಕ ಹಿಡಿದು ಕೂತಿದ್ದಾರೆ.

ನಮ್ಮವರು ಏನು ಮಾಡಿದ್ರು? ಕನ್ನಡದಲ್ಲಿ ಅಡುಗೆ ಬರೆದಿಟ್ಟ ಚರಿತ್ರೆ ನಾವಂದುಕೊಂಡದ್ದಕ್ಕಿಂತ ತುಂಬಾ ಹಳೆಯದು. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೇ ಒಂದು ಭಾಗ ಇದೆ. ಮಜಾ ಅಂದ್ರೆ ಅದರ ಅಕ್ಕಪಕ್ಕ ಏನಿದೆ ಅನ್ನೋದು. ನೀರು ಎಲ್ಲಿ ಸಿಗುತ್ತೆ, ಮನೆ ಹೇಗೆ ಕಟ್ಟಬೇಕು, ಗಿಡಕ್ಕೆ ರೋಗ ಬಂದರೇನು, ಸುಗಂಧ ಹೇಗೆ ಮಾಡೋದು, ಔಷಧ ಯಾವುದು, ಇವುಗಳ ಜೊತೆ ಅಡುಗೆ. ಬದುಕೋಕೆ ಬೇಕಾದ ತಿಳಿವಳಿಕೆಗಳಲ್ಲಿ ಅದೂ ಒಂದು, ಅಷ್ಟೇ. ನೂರು ವರ್ಷ ಬಿಟ್ಟು, 1130ರ ಹೊತ್ತಿಗೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಊಟ ಅನ್ನಭೋಗವಾಗುತ್ತೆ, ಅಂದರೆ ರಾಜನ ಸುಖಗಳಲ್ಲೊಂದು. ಅಲ್ಲಿ ಇಡ್ಲಿ-ದೋಸೆಯ ಪೂರ್ವಜರೂ ಇದ್ದಾರೆ, ಕಾಡುಹಂದಿಯೂ ಇದೆ, ಗದ್ದೆಯ ಇಲಿಯೂ ಇದೆ. ಇನ್ನು ಸುಮಾರು 1508ರಲ್ಲಿ ಕಲ್ಲಹಳ್ಳಿಯ ಜೈನ ಒಡೆಯ ಮೂರನೇ ಮಂಗರಸ ಬರೆದ ‘ಸೂಪಶಾಸ್ತ್ರ’ ಪೂರ್ತಿ ಅಡುಗೆಗೇ ಮೀಸಲು, ಅದೂ ಷಟ್ಪದಿಯಲ್ಲಿ. ಮಾಂಸದ ಸುದ್ದಿಯಿಲ್ಲ.

ಮಂಗರಸನ ವಿಂಗಡಣೆ ನನಗೆ ಬಹಳ ಇಷ್ಟವಾಯ್ತು. ಹಿಟ್ಟಿನ ತಿಂಡಿಗಳು ಒಂದು ಕಡೆ, ಪಾನಕಗಳು ಒಂದು ಕಡೆ, ಅನ್ನದ ಬಗೆಗಳು ಒಂದು ಕಡೆ. ಆಮೇಲೆ ತರಕಾರಿಗೆ ಬಂದರೆ, ಬದನೆಗೇ ಪ್ರತ್ಯೇಕ ಜಾಗ, ಹಲಸಿಗೆ, ಬಾಳೆಗೆ ಅವವುಗಳದೇ ಸಾಲು ಸಾಲು ಅಡುಗೆ. ಅಂದರೆ ಪದಾರ್ಥವೇ ತಲೆಬರಹ. ರೋಮನ್ನರ ಅಪೀಸಿಯಸ್ ಹೆಸರಿನ ಹಳೇ ಅಡುಗೆ ಸಂಗ್ರಹವೂ ಹೀಗೇ, ಹತ್ತು ಭಾಗಗಳಲ್ಲಿ ಬೇಳೆಕಾಳಿಗೇ ಒಂದು. ಆದರೂ ಒಂದು ಮಾತು. ಬದನೆಯಲ್ಲಿ ಇಷ್ಟೆಲ್ಲ ಬಗೆ ಮಾಡಬಹುದು ಅಂತ ಬರೆಯೋಕೆ ಮನೇಲಿ ಬದನೆ ಯಾವಾಗಲೂ ಇರಬೇಕು, ತುಪ್ಪವೂ ಇರಬೇಕು, ಮಾಡೋಕೆ ಆಳುಗಳಿರಬೇಕು. ಅದು ಆಯ್ಕೆ ಇರುವವರ ಪುಸ್ತಕ.

ಕ್ಯಾಂಪಿನ ಅಡುಗೆಗೂ ಹೀಗೇ ಒಂದು ಪುಸ್ತಕದ ಚರಿತ್ರೆ ಇದೆ. ಟೆಂಟು ಹೊಡೆದು ಅಡುಗೆ ಮಾಡೋದು ಈಗಿನ ವೀಕೆಂಡ್ ಟ್ರೆಕ್ಕಿಂಗಿನವರ ಸಂಶೋಧನೆ ಏನಲ್ಲ. ಟಿಪ್ಪು ಸತ್ತ ಮಾರನೇ ವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಅನ್ನೋ ವೈದ್ಯ ಕಂಪನಿಯ ಅಪ್ಪಣೆಯ ಮೇರೆಗೆ ಮದರಾಸಿನಿಂದ ಹೊರಟು ಘಟ್ಟ ಹತ್ತಿ, ಈಗಿನ ಕೋಲಾರ ಜಿಲ್ಲೆಯ ಸೀಮೆ ದಾಟಿಯೇ ಬೆಂಗಳೂರಿಗೆ ಬಂದ. ದಾರಿಯುದ್ದಕ್ಕೂ ಡೇರೆ ಹಾಕಿಕೊಂಡು ಯಾವ ಹೊಲದಲ್ಲಿ ಏನು ಬಿತ್ತುತ್ತಾರೆ, ರಾಗಿಯ ಜೊತೆ ಅಕ್ಕಡಿ ಸಾಲಲ್ಲಿ ಏನು ಹಾಕುತ್ತಾರೆ ಅಂತ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟದ ಪುಸ್ತಕವಾಯ್ತು. ಬೆಳೆಯ ಬಗ್ಗೆ ಬುಕನನ್‌ಗಿದ್ದಷ್ಟು ಆಸಕ್ತಿ ಬೆಳೆ ಪಾತ್ರೆಗಿಳಿದ ಮೇಲಿನ ಕಥೆಯಲ್ಲಿ ಇರಲಿಲ್ಲ. ಕಂದಾಯ ಹೊಲದಿಂದ ಬರುತ್ತಿತ್ತು, ಒಲೆಯಿಂದಲ್ಲ.

ಅಡುಗೆಯಲ್ಲೇ ಆಸಕ್ತಿ ಇದ್ದವನು ಮದರಾಸು ಅಶ್ವದಳದ ಕೆನ್ನಿ-ಹರ್ಬರ್ಟ್. ‘ವೈವರ್ನ್’ ಅನ್ನೋ ಹೆಸರಲ್ಲಿ 1878ರಲ್ಲಿ ಮದರಾಸಿನ ಇಂಗ್ಲಿಷರಿಗಾಗಿ ಬರೆದ ಅಡುಗೆ ಪುಸ್ತಕದಲ್ಲಿ ಕ್ಯಾಂಪ್ ಅಡುಗೆಗೇ ಒಂದು ಅಧ್ಯಾಯ. ಓದೋಕೆ ಸೊಗಸಾದ ಪುಸ್ತಕ, ಆ ಮನುಷ್ಯನಿಗೆ ನಾಲಿಗೆ ಇತ್ತು. ಆದರೆ ನನ್ನ ಕಣ್ಣು ಹೋಗಿದ್ದು ಬೇರೆ ಕಡೆ. ಪುಸ್ತಕದ ಉದ್ದಕ್ಕೂ ಅಡುಗೆಯವನಿಗೆ ಒಂದೇ ಹೆಸರು: ರಾಮಸಾಮಿ. ಯಾವ ಮನೆಯ ಅಡುಗೆಯವನಾದರೂ ರಾಮಸಾಮಿಯೇ. ಮರದ ಕೆಳಗೆ ಮೂರು ಕಲ್ಲು ಹೂಡಿ, ಗಾಳಿಗೆ ಅಡ್ಡ ಕಟ್ಟಿ, ಹಸಿ ಸೌದೆಯಲ್ಲಿ ಊಟ ಸಿದ್ಧ ಮಾಡುತ್ತಿದ್ದವನು ಅವನು. ಪುಸ್ತಕ ಬರೆದವನು ಸಾಹೇಬ. ರಾಮಸಾಮಿ ತನ್ನ ಕ್ಯಾಂಪಿನ ವಿದ್ಯೆಯನ್ನು ಬರೆದಿದ್ದರೆ ಅಧ್ಯಾಯಗಳು ಸೂಪಿನಿಂದ ಶುರುವಾಗುತ್ತಿರಲಿಲ್ಲ ಅಂತ ನನ್ನ ಗುಮಾನಿ. ಸೌದೆಯಿಂದ ಶುರುವಾಗುತ್ತಿದ್ದವು.

ನಮ್ಮ ಜಿಲ್ಲೆಯೊಳಗೇ ಬರೆದಿಡುವ ಅಭ್ಯಾಸ ಇದ್ದ ಒಂದು ಅಡುಗೆಮನೆ ಅಂದ್ರೆ ಕೆಜಿಎಫಿನ ಆಂಗ್ಲೋ-ಇಂಡಿಯನ್ ಮನೆಗಳದ್ದು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಗಣಿಯ ಸುತ್ತ ಒಂದು ಬೇರೆಯದೇ ಊರು ಎದ್ದಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, 2001ರಲ್ಲಿ ಗಣಿ ಮುಚ್ಚಿತು, ಜನ ಚದುರಿದರು. ಅಲ್ಲಿ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ತಮ್ಮವರ ಅಡುಗೆಯನ್ನು ಒಂದಾದ ಮೇಲೊಂದು ಪುಸ್ತಕವಾಗಿ ತಂದಿದ್ದಾರೆ. ಅವರ ವಿಂಗಡಣೆ ನೋಡಿ: ಸ್ನ್ಯಾಕ್ ಬಾಕ್ಸಿಗೆ ಒಂದು ಪುಸ್ತಕ, ಹಬ್ಬದ ಬುಟ್ಟಿಗೆ ಒಂದು, ರೋಸ್ಟುಗಳಿಗೆ ಒಂದು. ಶಾಲೆಯ ಡಬ್ಬಿ, ಕ್ರಿಸ್ಮಸ್ಸು, ಭಾನುವಾರದ ಮಧ್ಯಾಹ್ನ, ಹೀಗೆ ಸಂದರ್ಭವೇ ಫೋಲ್ಡರು. ಊರು ಖಾಲಿಯಾದ ಮೇಲೆ ಉಳಿಯೋದು ಸಂದರ್ಭಗಳ ನೆನಪೇ ಇರಬೇಕು.

ದೂರ ಹೋದವರಿಗಾಗಿ ಬರೆದ ಇನ್ನೊಂದು ಪುಸ್ತಕ ಪಕ್ಕದ ಮದರಾಸಿನದು. 1951ರಲ್ಲಿ ಮೀನಾಕ್ಷಿ ಅಮ್ಮಾಳ್ ತಮಿಳಿನಲ್ಲಿ ತಂದ ‘ಸಮೈತ್ತುಪ್ಪಾರ್’. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ ಕೈಗೆ ಸೇರಿದ ಪುಸ್ತಕ. ಪಕ್ಕದಲ್ಲಿ ನಿಂತು ಹೇಳಿಕೊಡೋಕೆ ಅತ್ತೆ-ಅಮ್ಮ ಯಾರೂ ಇಲ್ಲದ ಅಡುಗೆಮನೆ ಅದರ ಗುರಿ, ಹಾಗಾಗಿ ಅದರಲ್ಲಿ ಅಳತೆ ಕರಾರುವಾಕ್ಕು. ಬೆಂಗಳೂರಿನ ಪಿಜಿಯಲ್ಲಿ, ಬಾಡಿಗೆ ಫ್ಲಾಟಿನಲ್ಲಿ ಒಬ್ಬರೇ ಕುಕ್ಕರ್ ಇಟ್ಟುಕೊಂಡು ನಿಂತಿರೋ ನಮ್ಮ ಪಾಡೂ ಅದೇ ತಾನೇ.

ಇಷ್ಟೆಲ್ಲ ಓದಿದ ಮೇಲೆ ನನಗೆ ಹೊಳೆದದ್ದು ಒಂದೇ. ದೊರೆಗೆ ಪುಸ್ತಕ ಇದೆ, ಸಾಹೇಬನಿಗೆ ಇದೆ, ಗಣಿಯ ಬಂಗಲೆಗೆ ಇದೆ, ಮದರಾಸಿನ ಅಗ್ರಹಾರಕ್ಕೆ ಇದೆ. ರಾಗಿ, ಹುರುಳಿ, ಅವರೆ, ಸೊಪ್ಪು, ಅಪರೂಪಕ್ಕೆ ಬಾಡು, ಇವಿಷ್ಟರಲ್ಲೇ ಶತಮಾನಗಳನ್ನು ಕಳೆದ ನಮ್ಮ ಬಯಲುಸೀಮೆಯ ಒಕ್ಕಲು ಮನೆಗಳ ಹೆಂಗಸರು ಬರೆದದ್ದು ನನ್ನ ಮನೆಯಲ್ಲಂತೂ ಒಂದು ಹಾಳೆಯೂ ಇಲ್ಲ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ದೊಡ್ಡಮ್ಮ ನಾಲ್ಕನೇ ಕ್ಲಾಸು. ದೊಡ್ಡಮ್ಮನಿಗೀಗ 78. ಹೋದ ವರ್ಷದಿಂದ ಮಾತಿನ ಮಧ್ಯೆ ಹೆಸರುಗಳು ಜಾರಿಹೋಗುತ್ತಿವೆ. ಮೊನ್ನೆ ಬೆರಕೆ ಸೊಪ್ಪಿಗೆ ಏನೇನು ಕೀಳ್ತಿದ್ರಿ ಅಂತ ಕೇಳಿದೆ. ಅಣ್ಣೆ, ಗೋಣಿ, ಕನ್ನೆ, ಗಣಿಕೆ, ಹೊನಗೊನೆ ಅಂತ ಬೆರಳು ಮಡಿಸುತ್ತಾ ಬಂದು, ಆರನೆಯದಕ್ಕೆ ನಿಂತುಬಿಟ್ಟರು. “ಅದೇ ಕಣಪ್ಪ, ಬದುವಿನ ಮೇಲೆ ಬರ್ತದಲ್ಲ, ಎಲೆ ಸಣ್ಣದು.” ಬದುವಿಗೆ ಹೋಗಿ ತೋರಿಸಿ ಅನ್ನೋಣ ಅಂದ್ರೆ ಅವರ ಮಂಡಿ ಬಿಡಲ್ಲ. ಆ ಹೊಲದಲ್ಲೀಗ ಟೊಮೆಟೊ. ಮಲ್ಚಿಂಗ್ ಹಾಳೆ ಹೊದಿಸಿದ ಸಾಲುಗಳ ನಡುವೆ ಬೆರಕೆ ಸೊಪ್ಪು ಹುಟ್ಟೋಕೆ ಜಾಗವೇ ಇಲ್ಲ.

ಜೋಡಿಸೋ ಕೆಲಸ ನನಗೆ ಹವ್ಯಾಸದಂತೆ ಕಾಣೋದು ಅವತ್ತಿಗೆ ನಿಂತಿತು.

ಮೊದಲು ಹೆಸರಿನ ತಕರಾರು. ಅ ಆ ಇ ಈ ಪ್ರಕಾರ ಇಟ್ಟುಬಿಡೋಣ ಅಂದುಕೊಂಡರೆ ನಮ್ಮ ಜಿಲ್ಲೆಯಲ್ಲಿ ಒಂದೊಂದು ಅಡುಗೆಗೂ ಎರಡೆರಡು ಹೆಸರು. ಅಮ್ಮ ಮುದ್ದೆ ಅಂದರೆ ಸೋದರತ್ತೆಯ ಬಾಯಲ್ಲಿ ಅದು ಸಂಗಟಿ. ಇಲ್ಲಿ ಹುರುಳಿ, ಅಲ್ಲಿ ಉಲವಲು. ಇಲ್ಲಿ ಬೇಳೆ, ಅಲ್ಲಿ ಪಪ್ಪು. ಮುಳಬಾಗಿಲು ಅಂದರೆ ವಿಜಯನಗರದ ಕಾಲಕ್ಕೆ ಮೂಡಲ ಬಾಗಿಲು, ಆ ಬಾಗಿಲಿಂದ ತೆಲುಗು ಅಡುಗೆಮನೆಯ ತನಕ ಬಂದು ಒಲೆಯ ಮುಂದೆ ಕೂತಿದೆ. ಹಾಗಾಗಿ ನನ್ನ ಸಂಗ್ರಹದಲ್ಲಿ ಪ್ರತಿ ಅಡುಗೆಗೂ ಹೇಳಿದವರು ಕರೆದ ಹೆಸರೇ ಮೊದಲು, ಇನ್ನೊಂದು ಹೆಸರು ಅದರ ಕೆಳಗೆ. (ಮುಳಬಾಗಿಲು ದೋಸೆ ಮಾತ್ರ ಎಲ್ಲರಿಗೂ ಮುಳಬಾಗಿಲು ದೋಸೆ. ಬೆಂಗಳೂರಲ್ಲಿ ಬೀದಿಗೊಂದು ಬೋರ್ಡು ನೋಡಿ ಅತ್ತೆ ನಕ್ಕು, ಊರೇ ಇಲ್ಲಿಗೆ ಬಂದ್ಬಿಟ್ಟಿದ್ಯಲ್ಲೋ ಅಂದರು.)

ಆಮೇಲೆ ಅಳತೆ. ದಶಮಾಂಶ ಪದ್ಧತಿಯ ಕಾನೂನು 1956ರಲ್ಲಿ ಬಂತು. ದೊಡ್ಡಮ್ಮನ ಅಡುಗೆಮನೆಗೆ ಅದಿನ್ನೂ ತಲುಪಿಲ್ಲ. ಪಾವು, ಅಚ್ಚೇರು, ಸೇರು, ಗೋಲಿ ಗಾತ್ರದ ಹುಣಸೆಹಣ್ಣು, ಒಂದು ಹಿಡಿ. ಒಂದು ದಿನ ತಕ್ಕಡಿ ತಗೊಂಡು ಹೋಗಿ ಅವರ ಹಿಡಿಯನ್ನೇ ತೂಗಿದೆ. ತೊಗರಿಬೇಳೆ 45 ಗ್ರಾಂ. ನನ್ನ ಹಿಡಿ 60. ಅಂದರೆ ಅವರು ಹೇಳಿದ ಹಾಗೆ ನಾನು ಮಾಡಿದರೆ ಸಾರು ಮೂರರಲ್ಲಿ ಒಂದು ಪಾಲು ಮಂದ. ಹೀಗಂತ ಗ್ರಾಂ ಬರೆದು ಹಿಡಿಯನ್ನು ಅಳಿಸಲಿಲ್ಲ. ಎರಡೂ ಇವೆ, ‘ದೊಡ್ಡಮ್ಮನ ಹಿಡಿ’ ಅನ್ನೋದು ಈಗ ನಮ್ಮ ಮನೆಯ ಅಧಿಕೃತ ಮಾಪನ.

ಇನ್ನು ಅಸಲಿ ಪ್ರಶ್ನೆ, ತಲೆಬರಹ. ದೊಡ್ಡಮ್ಮನನ್ನೇ ಕೇಳಿದೆ: ಬೆಳಿಗ್ಗೆ ಎದ್ದಾಗ ಇವತ್ತೇನು ಮಾಡಬೇಕು ಅಂತ ಹೇಗೆ ಯೋಚಿಸ್ತಿದ್ರಿ? ಅವರಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. “ಯೋಚ್ನೆ ಯಾಕೆ? ಏನಿರ್ತದೋ ಅದು.” ಮಳೆ ಬಿದ್ದ ವಾರದಲ್ಲಿ ಸೊಪ್ಪು. ಡಿಸೆಂಬರ್-ಜನವರಿಯಲ್ಲಿ ಸೊಗಡಿನ ಅವರೆ, ಹಿತಕಿದ ಬೇಳೆ. ಏಪ್ರಿಲ್-ಮೇನಲ್ಲಿ ಮಾವಿನಕಾಯಿ. ಇದ್ಯಾವುದೂ ಇಲ್ಲದ ದಿನ ಹುರುಳಿ. ಅದೂ ಇಲ್ಲದ ದಿನ ಬರೀ ಖಾರ, ಮುದ್ದೆ. ಅಂಗಡಿಪಟ್ಟಿಯಿಂದ ಶುರುವಾಗುವ ಬೀಟನ್ ಕ್ರಮಕ್ಕೆ ಇದು ಪೂರಾ ಉಲ್ಟಾ. ಇಲ್ಲಿ ಅಡುಗೆಯ ಹೆಸರು ಕೊನೆಗೆ ಗೊತ್ತಾಗುತ್ತೆ.

ಹೀಗಾಗಿ ನನ್ನ ಸಂಗ್ರಹಕ್ಕೀಗ ನಾಲ್ಕು ಫೋಲ್ಡರು: ಮಳೆ, ಅವರೆ, ಮಾವು, ಏನೂ ಇಲ್ಲದ ದಿನ. ಕೊನೆಯದೇ ಎಲ್ಲಕ್ಕಿಂತ ದಪ್ಪ. ಪ್ರತಿ ಅಡುಗೆಯ ಕೆಳಗೂ ‘ಉಳಿದದ್ದೇನು’ ಅಂತ ಒಂದು ಸಾಲು, ಅಲ್ಲಿಂದ ಮುಂದಿನ ಅಡುಗೆಗೆ ಕೊಂಡಿ. ಪಲ್ಯದಿಂದ ಬಸಿದ ನೀರಿಗೆ, ಅಲ್ಲಿಂದ ಸಾರಿಗೆ, ಮುದ್ದೆಯಿಂದ ಮಾರನೇ ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿದ ತಂಗಳಿಗೆ. ಬಾಡೂಟಕ್ಕೂ ಪ್ರತ್ಯೇಕ ಫೋಲ್ಡರ್ ಇಲ್ಲ, ಹಬ್ಬದ ಮಾರನೇ ದಿನದ ತಲೆಕಾಲು ಸಾರು ತಾನಾಗೇ ಕೊಂಡಿ ಹಿಡಿದು ಬರುತ್ತೆ.

ಕ್ಯಾಂಪಿನ ಅಡುಗೆಗೆ ಬಂದಾಗ ಇನ್ನೊಂದು ಸಂಗತಿ ಗೊತ್ತಾಯ್ತು. ಅಂತರಗಂಗೆಗೋ ಆವನಿ ಬೆಟ್ಟಕ್ಕೋ ಹೊರಟಾಗ ಏನು ಒಯ್ಯೋದು ಅಂತ ನಾವು ಇಂಗ್ಲಿಷ್ ವಿಡಿಯೋ ನೋಡ್ತೀವಿ. ನಮ್ಮ ದೊಡ್ಡಪ್ಪ ಬದುಕಿನ ಅರ್ಧ ಬೇಸಿಗೆಗಳನ್ನು ಕಳೆದದ್ದೇ ಕ್ಯಾಂಪಿನಲ್ಲಿ, ಆ ಪದ ಬಳಸಲಿಲ್ಲ ಅಷ್ಟೇ. ಶ್ರೀನಿವಾಸಪುರದ ಕಡೆ ಮಾವು ಬಲಿಯೋ ಹೊತ್ತಿಗೆ ತೋಪು ಕಾಯೋಕೆ ಗುಡಿಸಲು ಹಾಕಿ ರಾತ್ರಿ ಅಲ್ಲೇ ಮಲಗ್ತಾರೆ. ಮೂರು ಕಲ್ಲು, ಒಂದು ಪಾತ್ರೆ, ಒಂದು ಮುದ್ದೆ ಕೋಲು. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಕೆಂಡದಲ್ಲಿ ಸುಟ್ಟ ಮಾವಿನಕಾಯಿಯನ್ನು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪಿನ ಜೊತೆ ಕಲ್ಲ ಮೇಲೇ ಜಜ್ಜಿದರೆ ಚಟ್ನಿ. ಚಳಿಗಾಲದಲ್ಲಿ ರಾಗಿ ಕಣ ಕಾಯುವಾಗಲೂ ಅಷ್ಟೇ, ಸಿಪ್ಪೆ ಸಮೇತ ಅವರೆಕಾಯಿ, ಉಪ್ಪು, ನೀರು. ವೈವರ್ನ್ ಸಾಹೇಬನ ಅಧ್ಯಾಯಕ್ಕೆ ಇದು ನಮ್ಮ ಕಡೆಯ ಉತ್ತರ, ನೂರೈವತ್ತು ವರ್ಷ ತಡವಾಗಿ.

ಬೆಟ್ಟದಲ್ಲಿ, ಕಾಡಂಚಿನಲ್ಲಿ ಬೆಂಕಿ ಹಚ್ಚಬಾರದು. ಅಲ್ಲಿಗೆ ಬುತ್ತಿಯೇ ಸರಿ. ಸೈನಿಕರ ಊಟದ ಸಂಶೋಧನೆಗೆ ಅಂತಲೇ 1961ರಲ್ಲಿ ಮೈಸೂರಿನಲ್ಲಿ ರಕ್ಷಣಾ ಆಹಾರ ಪ್ರಯೋಗಾಲಯ ಶುರುವಾಯ್ತು. ಕೆಡಬಾರದು, ಹಗುರ ಇರಬೇಕು, ಬಿಚ್ಚಿದ ತಕ್ಷಣ ತಿನ್ನೋ ಹಾಗಿರಬೇಕು, ಇದೇ ಅಂಥ ಊಟಕ್ಕಿರೋ ಶರತ್ತು. ರಾಗಿಯನ್ನು ಅರಳು ಹುರಿದು ಬೀಸಿದ ಹುರಿಹಿಟ್ಟು ಈ ಮೂರನ್ನೂ ಪಾಸು ಮಾಡುತ್ತೆ. ಬೆಲ್ಲ ಹಾಕಿದರೆ ಸಿಹಿ, ಮಜ್ಜಿಗೆ ಹಾಕಿದರೆ ಊಟ.

ಹಾಗಾಗಿ ಪ್ರತಿ ಅಡುಗೆಗೂ ಈಗ ಒಂದು ಗುರುತು ಇದೆ: ಗ್ಯಾಸು, ಮೂರು ಕಲ್ಲು, ಬೆಂಕಿ ಇಲ್ಲ. 130 ಚಿಲ್ಲರೆಯಲ್ಲಿ ಬೆಂಕಿ ಇಲ್ಲದವು 19 ಸಿಕ್ಕಿವೆ. ಫೋನ್ ಚಾರ್ಜು ಸತ್ತರೆ ಅಂತ ಅವಿಷ್ಟನ್ನೂ ಒಂದು ಹಾಳೆಗೆ ಪ್ರಿಂಟ್ ತೆಗೆದು ಮಡಿಸಿ ಬ್ಯಾಗಿನ ಜೇಬಲ್ಲಿ ಇಟ್ಟಿದ್ದೀನಿ.

ಮಳೆ ಫೋಲ್ಡರಿನಲ್ಲಿ ಬೆರಕೆ ಸೊಪ್ಪಿನ ಪುಟ ಇದೆ. ಐದು ಸೊಪ್ಪಿನ ಹೆಸರು, ಐದು ಫೋಟೋ. ಆರನೆಯದರ ಜಾಗದಲ್ಲಿ ದೊಡ್ಡಮ್ಮ ಹೇಳಿದ್ದನ್ನೇ ಬರೆದಿದ್ದೀನಿ: ಬದುವಿನ ಮೇಲೆ ಬರುತ್ತೆ, ಎಲೆ ಸಣ್ಣದು. ಮುಂಗಾರು ಶುರುವಾದ ಮೇಲೆ ಎರಡು ಸಲ ಊರಿಗೆ ಹೋಗಿ ಸಣ್ಣ ಎಲೆಯದ್ದೆಲ್ಲ ಕಿತ್ತು ತಂದು ಅವರ ಮುಂದೆ ಹರಡಿದೆ. ಒಂದೊಂದನ್ನೇ ಮೂಸಿ ನೋಡಿ, ಇದಲ್ಲ, ಇದಲ್ಲ ಅಂದರು. ಮುಂದಿನ ಶನಿವಾರ ಕೆರೆಯ ಆಚೆ ಬದಿಗೆ ಹೋಗ್ತಿದ್ದೀನಿ.